ಜ್ವರಕ್ಕೆ ಕೂತ ಹುಳ ಹೇಳುವ ಹತ್ತು ಸೂತ್ರ

ಹಿಂದೂಪುರ ಸೀಮೆಯಲ್ಲಿ ಮನೆ ಬಿಟ್ಟು ಕದಲದವರ ವಿಳಾಸವೂ ನಾಲ್ಕು ಸಲ ಬದಲಾಗಿದೆ. ಮೊದಲು ಬಳ್ಳಾರಿ ಜಿಲ್ಲೆ. 1882ರಲ್ಲಿ ಅನಂತಪುರ ಜಿಲ್ಲೆ. 1953ರ ಅಕ್ಟೋಬರ್ 1ರಂದು ಮದ್ರಾಸು ಹೋಗಿ ಆಂಧ್ರ ರಾಜ್ಯ, ಮೂರು ವರ್ಷ ಕಳೆದು 1956ರ ನವೆಂಬರ್ 1ಕ್ಕೆ ಆಂಧ್ರಪ್ರದೇಶ. 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಅತ್ತ ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು, ಇತ್ತ ಹಿಂದೂಪುರ, ಚಿಲಮತ್ತೂರು, ಲೇಪಾಕ್ಷಿ ಹೊಸ ಜಿಲ್ಲಾಕೇಂದ್ರವಾದ ಪುಟ್ಟಪರ್ತಿಯ ಕಡೆ ಮುಖ ತಿರುಗಿಸಿದವು. ಊರು ಮಾತ್ರ ಇದ್ದಲ್ಲೇ ಇದೆ. ಬೆಂಗಳೂರಿನಿಂದ ಹೆದ್ದಾರಿ ಹಿಡಿದು ಬಾಗೇಪಲ್ಲಿ ದಾಟಿದರೆ ಕೊಡಿಕೊಂಡ, ಅಲ್ಲಿ ಎಡಕ್ಕೆ ತಿರುಗಿದರೆ ಚಿಲಮತ್ತೂರು.

ಇಂಥ ಊರಿನವರಿಗೆ ಯಾರಾದರೂ ವೇದಿಕೆ ಹತ್ತಿ “ಬದಲಾವಣೆಯನ್ನು ಅಪ್ಪಿಕೊಳ್ಳಿ” ಎಂದರೆ ನಗು ಬರುತ್ತದೆ. ಅಪ್ಪಿಕೊಳ್ಳಲು ಅದೇನು ಹಬ್ಬಕ್ಕೆ ಬಂದ ತಂಗಿಯೇ? ನಮ್ಮ ಕಡೆ ಬದಲಾವಣೆಯನ್ನು ಅಪ್ಪಿಕೊಳ್ಳುವುದಿಲ್ಲ, ಮೇಯಿಸುತ್ತೇವೆ. ಸೊಪ್ಪು ಹಾಕಿ, ರಾತ್ರಿ ಎದ್ದು ನೋಡಿ, ಮನೆಯ ಅರ್ಧ ಜಾಗ ಅದಕ್ಕೇ ಬಿಟ್ಟುಕೊಟ್ಟು ಮೇಯಿಸುತ್ತೇವೆ. ನಾನು ಹೇಳುತ್ತಿರುವುದು ರೇಷ್ಮೆ ಹುಳದ ಮಾತು.

ಹುಳ ಮೇಯಿಸುವವರ ಬಾಯಲ್ಲಿ ಒಂದು ಪದವಿದೆ: ಜ್ವರ. ಹುಳ ಪೊರೆ ಬಿಡುವುದಕ್ಕೆ ಹಾಗೆನ್ನುತ್ತಾರೆ. ಮೊಟ್ಟೆಯಿಂದ ಗೂಡಿನ ತನಕ ನಾಲ್ಕು ಜ್ವರ. ಜ್ವರಕ್ಕೆ ಕೂತ ಹುಳ ಮೇಯುವುದಿಲ್ಲ, ಹರಿದಾಡುವುದಿಲ್ಲ, ತಲೆ ಎತ್ತಿಕೊಂಡು ಕಲ್ಲಿನಂತೆ ನಿಲ್ಲುತ್ತದೆ. ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಹಳೇ ಚರ್ಮ ಹಿಂದಕ್ಕೆ ಸರಿಸಿ ಹೊರಬರುತ್ತದೆ. ಬದಲಾಗುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಸೂತ್ರಗಳೆಂದು ಬರೆದಿದ್ದೇನೆ, ಬೇಕಾದ್ದನ್ನು ಆರಿಸಿಕೊಳ್ಳಿ.

1. ಬೇಸರ ಬೇರೆ, ಬಿಗಿ ಬೇರೆ

ಮೊಟ್ಟೆಯೊಡೆದು ಬರುವಾಗ ಹುಳ ಇರುವೆಗಿಂತ ಸಣ್ಣದು. ಇಪ್ಪತ್ತೈದು ದಿನಕ್ಕೆ ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟು ಏರುತ್ತದೆ. ಮೈ ಬೆಳೆಯುತ್ತದೆ, ಚರ್ಮ ಅದರ ಸಮಕ್ಕೆ ಹಿಗ್ಗುವುದಿಲ್ಲ. ತೊಡಕು ಇರುವುದು ಅಲ್ಲೇ. ಬಿಗಿಯಾದ ಚರ್ಮ ಬಿಡದಿದ್ದರೆ ಹುಳ ಅದರೊಳಗೇ ಸಾಯುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿ: ಹೊಟ್ಟೆತುಂಬ ಮೇದ ಹುಳವೇ ಸರಿಯಾದ ಹೊತ್ತಿಗೆ ಜ್ವರಕ್ಕೆ ಕೂರುವುದು. ಅರೆಹೊಟ್ಟೆಯದು ಹಿಂದೆ ಬೀಳುತ್ತದೆ. ಇರುವ ಕೆಲಸದಲ್ಲಿ ಕಲಿಯುವುದೆಲ್ಲ ಕಲಿತು, ಇನ್ನು ಹಿಗ್ಗಲು ಜಾಗವಿಲ್ಲ ಎನ್ನಿಸಿದರೆ ಅದು ಬಿಗಿ, ಪೊರೆ ಬಿಡಿ. ಆರು ತಿಂಗಳಿಗೇ ಸಾಕಾಯಿತು ಎನ್ನಿಸಿದರೆ ಅದು ಬರೀ ಬೇಸರ, ಇನ್ನಷ್ಟು ಸೊಪ್ಪು ಮೇಯಿರಿ.

2. ಜ್ವರದಲ್ಲಿರುವಾಗ ಸೊಪ್ಪು ಹಾಕಬೇಡಿ

ಇದು ನನಗೆ ನಷ್ಟ ಮಾಡಿಕೊಂಡು ಗೊತ್ತಾದ ಮಾತು. ಕಾಲೇಜು ರಜೆಯಲ್ಲಿ ಒಂದು ಬೆಳೆಯ ಜವಾಬ್ದಾರಿ ನನ್ನ ಮೇಲೆ ಬಿತ್ತು. ಅಜ್ಜಿ ಮದುವೆಗೆಂದು ಮಡಕಶಿರಾ ಕಡೆ ಹೋಗಿದ್ದಳು. ಮೂರನೇ ಜ್ವರ. ಬೆಳಿಗ್ಗೆ ನೋಡಿದರೆ ಕೆಲವು ಹುಳ ಎದ್ದು ತಲೆಯಾಡಿಸುತ್ತಿವೆ. ಪಾಪ, ಹಸಿದಿವೆ ಎಂದು ಸೊಪ್ಪು ಸುರಿದೆ. ಎದ್ದವು ಮೇದವು. ಇನ್ನೂ ಜ್ವರದಲ್ಲಿದ್ದವು ಸೊಪ್ಪಿನಡಿ ಹೂತುಹೋದವು. ಅಲ್ಲಿಂದ ಮುಂದಕ್ಕೆ ಒಂದೇ ಮನೆಯಲ್ಲಿ ಎರಡು ಸಂಸಾರ. ಇವು ಹಣ್ಣಾಗಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದರೆ ಅವು ಇನ್ನೂ ಸೊಪ್ಪು ಕೇಳುತ್ತಿದ್ದವು. ಗೂಡು ಒಂದೊಂದು ಒಂದೊಂದು ಗಾತ್ರ. ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರು ನಮ್ಮ ಲಾಟಿನೊಳಗೆ ಕೈಯಾಡಿಸಿ, ಒಂದು ಮಾತೂ ಆಡದೆ ಮುಂದಿನ ಲಾಟಿಗೆ ಹೋದರು.

ಅಜ್ಜಿ ಬಯ್ಯಲಿಲ್ಲ. “ಎಲ್ಲಾ ಏಳೋವರೆಗೂ ಕಾಯ್ಬೇಕು ಮಗಾ. ಎದ್ದೋವು ಒಂದೊಪ್ಪತ್ತು ಹಸ್ಕೊಂಡಿದ್ರೆ ಸಾಯಾಕಿಲ್ಲ” ಎಂದಳು.

ನಮ್ಮ ಅವಸರವೆಲ್ಲ ಈ ಜಾತಿಯದೇ. ಕೆಲಸ ಬಿಟ್ಟ ಮರುದಿನವೇ ಮೂರು ಕೋರ್ಸಿಗೆ ದುಡ್ಡು ಕಟ್ಟುತ್ತೇವೆ. ಊರು ಬಿಟ್ಟು ಬೇರೆ ಊರಿಗೆ ಹೋದ ವಾರದಲ್ಲೇ ಎಲ್ಲರನ್ನೂ ಪರಿಚಯ ಮಾಡಿಕೊಳ್ಳಲು ಓಡಾಡುತ್ತೇವೆ. ಮನಸ್ಸಿನ ಒಂದು ಭಾಗ ಎದ್ದಿರುತ್ತದೆ, ಇನ್ನೊಂದು ಭಾಗ ಹಳೇ ಚರ್ಮದಲ್ಲೇ ಇರುತ್ತದೆ. ಹಿಂದುಳಿದ ಆ ಭಾಗ ಏಳಲಿ, ಕಾಯಿರಿ. ಕಾಯುವುದೂ ಕೆಲಸವೇ. ಹುಳದ ಮನೆಯಲ್ಲಿ ಅತ್ಯಂತ ಕಷ್ಟದ ಕೆಲಸ ಅದು.

3. ಹಾಸಿಗೆ ಒಣಗಿರಲಿ

ಜ್ವರಕ್ಕೆ ಕೂತ ಹುಳದ ಮೇಲೆ ತೆಳುವಾಗಿ ಸುಣ್ಣದ ಪುಡಿ ಉದುರಿಸುತ್ತಾರೆ. ಉಳಿದ ಸೊಪ್ಪು ಒಣಗಿ, ತೇವ ಹೋಗಿ, ರೋಗ ದೂರವಿರಲಿ ಎಂದು. ಮನುಷ್ಯರಲ್ಲಿ ಇದಕ್ಕೆ ಸಮನಾದದ್ದು ಕೈಸಾಲ ತೀರಿಸಿಕೊಳ್ಳುವುದು, ಆರು ತಿಂಗಳ ಖರ್ಚಿಗೆ ದುಡ್ಡು ಎತ್ತಿಡುವುದು, ಹಳೇ ಜಗಳ ಮುಗಿಸುವುದು. ಒದ್ದೆ ಹಾಸಿಗೆಯ ಮೇಲೆ ಪೊರೆ ಬಿಡಲು ಕೂರಬೇಡಿ.

4. ಕೈಗುಣದ ಹೆಮ್ಮೆಯನ್ನೂ ಬಿಡಬೇಕಾದೀತು

ಹಳೇ ಅಭ್ಯಾಸ ಬಿಡುವುದು ಸುಲಭ. ಕಷ್ಟವಾಗುವುದು ನಾವು ಚೆನ್ನಾಗಿ ಮಾಡುತ್ತಿದ್ದ ಕೆಲಸವನ್ನು ಬಿಡುವುದು.

ಅಜ್ಜಿಯ ಕಾಲದಲ್ಲಿ ಬಿದಿರ ತಟ್ಟೆಯಲ್ಲಿ ಹುಳ. ಒಂದೊಂದೇ ಎಲೆ ಬಿಡಿಸಿ, ಹುಳದ ವಯಸ್ಸಿಗೆ ತಕ್ಕಂತೆ ಕತ್ತರಿಸಿ, ದಿನಕ್ಕೆ ಐದಾರು ಸಲ ಹಾಕಬೇಕು. ತಟ್ಟೆ ಇಳಿಸಬೇಕು, ಕಸ ತೆಗೆಯಬೇಕು, ಮತ್ತೆ ಏರಿಸಬೇಕು. ಸೊಪ್ಪು ಕೊಯ್ಯುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ. ಕಣ್ಣು ಮುಚ್ಚಿ ಕೊಯ್ದರೂ ಚೂರುಗಳೆಲ್ಲ ಒಂದೇ ಅಳತೆ. ಗೂಡು ಹಳದಿ, ಹಿಂದಿನಿಂದ ಬಂದ ತಳಿ. ಒಂದು ಕೆಜಿ ರೇಷ್ಮೆಗೆ ಹತ್ತು ಕೆಜಿಗೂ ಮೀರಿ ಆ ಗೂಡು ಬೇಕಾಗುತ್ತಿತ್ತು.

ಬಿಳಿ ಗೂಡಿನ ದ್ವಿತಳಿ ಚಳಿದೇಶಕ್ಕೆ ಸರಿ, ನಮ್ಮ ಬಿಸಿಲಿಗಲ್ಲ ಎಂಬ ನಂಬಿಕೆ ರೈತರಲ್ಲೂ ಇತ್ತು, ತಿಳಿದವರಲ್ಲೂ ಇತ್ತು. 1961ರಲ್ಲಿ ಶುರುವಾದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಜಪಾನಿನವರ ಸಹಕಾರದೊಂದಿಗೆ ಆ ನಂಬಿಕೆಯನ್ನು ಮುರಿಯಿತು. ಸಿಎಸ್‌ಆರ್ ಎಂಬ ಹೆಸರಿನ ದ್ವಿತಳಿ ಸಂಕರಗಳು ಬಂದವು, ವಿ-1 ಎಂಬ ಹಿಪ್ಪುನೇರಳೆ ಬಂತು. ಒಳ್ಳೆಯ ದ್ವಿತಳಿ ಗೂಡು ಆರೇಳು ಕೆಜಿಗೇ ಒಂದು ಕೆಜಿ ರೇಷ್ಮೆ ಕೊಡುತ್ತದೆ. ಒಂದೊಂದು ಗೂಡಿನಲ್ಲಿ ಸಾವಿರ ಮೀಟರಿನ ಎಳೆ. ಆಂಧ್ರದ ರೇಷ್ಮೆ ಸಂಶೋಧನಾ ಸಂಸ್ಥೆ ಇರುವುದೂ ಹಿಂದೂಪುರದ ಪಕ್ಕದ ಕಿರಿಕೆರೆಯಲ್ಲೇ. ಹಾಗಾಗಿ ಹೊಸದನ್ನು ನೋಡಲು ನಮ್ಮವರು ದೂರ ಹೋಗಬೇಕಿರಲಿಲ್ಲ.

ತಳಿಯ ಜೊತೆ ಪದ್ಧತಿಯೂ ಬದಲಾಯಿತು. ಎಲೆ ಬಿಡಿಸುವುದು ಬೇಡ, ರೆಂಬೆಯನ್ನೇ ಕತ್ತರಿಸಿ ಅಟ್ಟದ ಮೇಲೆ ಹಾಸಿದರಾಯಿತು. ಹುಳ ತಾನೇ ಹತ್ತಿ ಮೇಯುತ್ತದೆ. ಕೂಲಿ ಅರ್ಧದ ಹತ್ತಿರಕ್ಕೆ ಇಳಿಯಿತು. ಹುಳ ಗೂಡು ಕಟ್ಟುವ ಬಿದಿರ ಚಂದ್ರಂಕಿಯ ಜಾಗಕ್ಕೆ ಪ್ಲಾಸ್ಟಿಕ್ಕಿನದು ಬಂತು. ಸಣ್ಣ ಹುಳವನ್ನು ನೋಡಿಕೊಳ್ಳುವ ತಲೆನೋವೂ ಬೇಡವೆಂದು ಚಾಕಿ ಕೇಂದ್ರಗಳು ಹುಟ್ಟಿದವು. ಎರಡನೇ ಜ್ವರ ಎದ್ದ ಹುಳವನ್ನೇ ಅಲ್ಲಿಂದ ತರಬಹುದು.

ಎಲ್ಲರೂ ಇದನ್ನು ಲಾಭ ಎಂದರು, ಲಾಭವೇ. ಆದರೆ ಅಜ್ಜಿಯ ಕೈಗುಣಕ್ಕೆ ಅಲ್ಲಿ ಕೆಲಸವಿರಲಿಲ್ಲ. ಒಂದು ವರ್ಷ ಅವಳು ಅಟ್ಟವನ್ನು “ಕುರಿ ದೊಡ್ಡಿ” ಎಂದೇ ಕರೆದಳು. ಆಮೇಲೊಂದು ದಿನ ಅಟ್ಟದ ಪಕ್ಕ ನಿಂತು, ಮೇಯುವ ಸದ್ದು ಕೇಳಿ, “ಸೊಪ್ಪು ಗಟ್ಟಿಯಾಗೈತೆ, ಬೇರೆ ತೋಟದ್ದು ಹಾಕಿ” ಎಂದಳು. ಐದನೇ ಹಂತದ ಹುಳ ಮೇಯುವಾಗ ತಗಡಿನ ಮೇಲೆ ಮಳೆ ಬಿದ್ದಂಥ ಸದ್ದು ಬರುತ್ತದೆ. ಆ ಸದ್ದಿನಲ್ಲೇ ಸೊಪ್ಪಿನ ಹದ ಹೇಳಬಲ್ಲವಳು ಅವಳೊಬ್ಬಳೇ. ಕೈಯ ಕೆಲಸ ಹೋಯಿತು, ಕಿವಿಯ ಕೆಲಸ ಉಳಿಯಿತು. ನಿಮ್ಮಲ್ಲೂ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಉಳಿಯುವ ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಉದ್ದವಿರುತ್ತದೆ.

5. ಅರ್ಧ ಎಕರೆಯಲ್ಲಿ ಶುರುಮಾಡಿ

ಹಳೇ ಅನಂತಪುರ ಜಿಲ್ಲೆಗೆ ಸಿಗುವುದು ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಮಳೆ. ಬರದ ಪಟ್ಟಿಯಲ್ಲಿ ಯಾವಾಗಲೂ ಮೇಲೆ. ಕಡಲೆಕಾಯಿಯೊಂದನ್ನೇ ನಂಬಿ ಕೂತ ಜಿಲ್ಲೆ ಅದು. ಮಳೆ ಬಂದರೆ ಎಲ್ಲರಿಗೂ ಬೆಳೆ, ಬರದಿದ್ದರೆ ಒಬ್ಬರಿಗೂ ಇಲ್ಲ. ಅಲ್ಲಿ ಒಂದು ಕೊಳವೆಬಾವಿ, ಹನಿ ನೀರು, ಅರ್ಧ ಎಕರೆ ಹಿಪ್ಪುನೇರಳೆ ಇಟ್ಟವನಿಗೆ ಒಂದು ಅನುಕೂಲವಿತ್ತು. ಕಡಲೆಕಾಯಿ ವರ್ಷಕ್ಕೊಂದು ಪರೀಕ್ಷೆ, ಹುಳ ವರ್ಷಕ್ಕೆ ನಾಲ್ಕೈದು ಪರೀಕ್ಷೆ. ಒಂದರಲ್ಲಿ ನಪಾಸಾದರೆ ಎರಡು ತಿಂಗಳಿಗೆ ಇನ್ನೊಂದಕ್ಕೆ ಕೂರಬಹುದು.

ಹೊಸದನ್ನು ಆರಿಸುವಾಗ ಇದನ್ನೇ ಕೇಳಿಕೊಳ್ಳಿ: ತಪ್ಪಾಯಿತು ಎಂದು ನನಗೆ ಎಷ್ಟು ಬೇಗ ಗೊತ್ತಾಗುತ್ತದೆ? ಬೇಗ ಗೊತ್ತಾಗುವುದನ್ನು ಆರಿಸಿ. ಇಡೀ ಹೊಲ ಉತ್ತುಬಿಡಬೇಡಿ.

6. ಗೂಡು ಅಲ್ಲಾಡಿಸಿ ಕೇಳಿ

1865ರಲ್ಲಿ ಫ್ರಾನ್ಸಿನ ದಕ್ಷಿಣದಲ್ಲಿ ರೇಷ್ಮೆ ಹುಳಕ್ಕೆ ಗಂಟು ರೋಗ ಬಂದು ಊರೂರೇ ದಿವಾಳಿಯಾಗಿತ್ತು. ಅದನ್ನು ಪರಿಹರಿಸಲು ಲೂಯಿ ಪಾಶ್ಚರ್ ಅವರನ್ನು ಕಳಿಸಿದರು. ಅವರು ರಸಾಯನಶಾಸ್ತ್ರದವರು, ಹುಳದ ಬಗ್ಗೆ ಏನೂ ತಿಳಿಯದವರು. ಕೀಟಗಳ ಬಗ್ಗೆ ಬರೆದು ಹೆಸರಾದ ಫಾಬ್ರ್ ಅವರ ಮನೆಗೆ ಹೋಗಿ ಒಂದು ಗೂಡು ತೋರಿಸಿ ಎಂದರಂತೆ. ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಅಚ್ಚರಿಪಟ್ಟರಂತೆ. ಫಾಬ್ರ್ ಅವರೇ ಇದನ್ನು ಬರೆದಿಟ್ಟಿದ್ದಾರೆ. ಚಿಲಮತ್ತೂರಿನ ಆರು ವರ್ಷದ ಹುಡುಗಿ ಇದನ್ನು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಪಾಶ್ಚರ್ ಹೀಗೆ ನಾಚದೆ ಕೇಳಿದ್ದರಿಂದಲೇ ಮುಂದಿನ ದಾರಿ ತೆರೆಯಿತು. ಸುಮಾರು ಐದು ವರ್ಷ ದುಡಿದರು. ನಡುವೆ 1868ರಲ್ಲಿ ಪಾರ್ಶ್ವವಾಯು ಹೊಡೆದರೂ ಬಿಡಲಿಲ್ಲ. ಕಂಡುಕೊಂಡ ಉಪಾಯ ಸರಳ: ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಟ್ಟುಬಿಡಿ. ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯುವುದು ಇದೇ ಪರೀಕ್ಷೆ. ರೋಗವಿಲ್ಲದ ಮೊಟ್ಟೆ ನಮ್ಮ ಮನೆಗೆ ಬರುತ್ತಿರುವುದು ಗೂಡು ಅಲ್ಲಾಡಿಸಿ ನೋಡಿದ ಆ ಮನುಷ್ಯನಿಂದ.

ಹೊಸ ಕಚೇರಿಯ ಮೊದಲ ವಾರ ದಡ್ಡ ಪ್ರಶ್ನೆ ಕೇಳಲು ಪರವಾನಗಿ ಇರುತ್ತದೆ. ಆರನೇ ತಿಂಗಳಿಗೆ ಆ ಪರವಾನಗಿ ರದ್ದಾಗುತ್ತದೆ. ಮೊದಲ ವಾರದಲ್ಲೇ ಕೇಳಿ ಮುಗಿಸಿ.

7. ಊಜಿಗೆ ಬಲೆ ಕಟ್ಟಿ

1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ದಕ್ಷಿಣಕ್ಕೆ ಬಂತು. ಹುಳದ ಮೈಮೇಲೆ ಒಂದು ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಮರಿ ಒಳಹೊಕ್ಕು ತಿನ್ನುತ್ತದೆ. ಹೊರಗೆ ಕಾಣುವುದು ಒಂದು ಕಪ್ಪು ಚುಕ್ಕೆ ಮಾತ್ರ. ಮೊದಮೊದಲು ಜನ ಹೆದರಿ ಹುಳ ಮೇಯಿಸುವುದನ್ನೇ ಬಿಡುವ ಯೋಚನೆ ಮಾಡಿದರು. ಕೊನೆಗೆ ಹೆಚ್ಚಿನವರಿಗೆ ಆಸರೆಯಾದದ್ದು ಕಿಟಕಿ ಬಾಗಿಲಿಗೆ ಕಟ್ಟಿದ ನೈಲಾನ್ ಬಲೆ. “ನಿನ್ನ ಕೈಲಿ ಆಗುತ್ತಾ?” ಎಂದು ಒಂದು ಮಾತು ಇಟ್ಟು ಹಾರಿಹೋಗುವ ನೆಂಟರು ನಿಮಗೂ ಇದ್ದಾರು. ಜಗಳ ಬೇಡ. ಬಲೆ ಸಾಕು.

8. ಫಲಕ ನೋಡಿ ಹೊಲ ಬಿಡಬೇಡಿ

2000ರ ದಶಕದ ಕೊನೆಯಲ್ಲಿ ಚಿಲಮತ್ತೂರು ಮತ್ತು ಗೋರಂಟ್ಲ ಮಂಡಲಗಳಲ್ಲಿ 8,800ಕ್ಕೂ ಹೆಚ್ಚು ಎಕರೆ ಜಮೀನು ‘ಲೇಪಾಕ್ಷಿ ನಾಲೆಡ್ಜ್ ಹಬ್’ ಎಂಬ ಹೆಸರಿಗೆ ಹೋಯಿತು. ಬೆಂಗಳೂರಿನ ವಿಮಾನ ನಿಲ್ದಾಣ ಹತ್ತಿರ, ಹೆದ್ದಾರಿ ಹತ್ತಿರ, ಇನ್ನೇನು ಬೇಕು ಎಂದರು. ಹಬ್ ಬರಲಿಲ್ಲ. ಸಿಬಿಐ ಬಂತು. ಜಮೀನಿನ ಕತೆ ನ್ಯಾಯಾಲಯಗಳಲ್ಲಿ ಸುತ್ತಿತು, ಹೊಲ ಕೊಟ್ಟವರು ಅದೇ ಹೊಲದ ಅಂಚಿನಲ್ಲಿ ದನ ಮೇಯಿಸಿಕೊಂಡು ಹೋದರು.

ಅದೇ ಹೆದ್ದಾರಿಯಲ್ಲಿ ಇನ್ನಷ್ಟು ಮುಂದೆ, ಪೆನುಕೊಂಡದ ಬಳಿ, 2017ರಲ್ಲಿ ಕಿಯಾ ಕಾರು ಕಂಪನಿಯ ಒಪ್ಪಂದವಾಯಿತು. 2019ರಲ್ಲಿ ಕಾರು ಹೊರಬಂತು. 1565ರ ಯುದ್ಧದ ನಂತರ ವಿಜಯನಗರದ ಅರಸರು ಬಂದು ನೆಲೆಸಿದ ಪೆನುಕೊಂಡದಲ್ಲಿ ಈಗ ಕೊರಿಯಾದ ಅಕ್ಷರಗಳ ಬೋರ್ಡು ಕಾಣುತ್ತದೆ. ಐಟಿಐ ಮುಗಿಸಿ ಸುಮ್ಮನಿದ್ದ ಹುಡುಗರಿಗೆ ಹತ್ತಿರದಲ್ಲೇ ಒಂದು ದಾರಿ ಸಿಕ್ಕಿತು.

ಎರಡೂ ‘ಬದಲಾವಣೆ’ಗಳೇ. ಮೊದಲನೆಯದನ್ನು ನಂಬಿದವರು ದಡ್ಡರಲ್ಲ, ಎರಡನೆಯದರಲ್ಲಿ ಗೆದ್ದವರು ಜಾಣರೂ ಅಲ್ಲ. ಮೊದಲೇ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಹೊಲ ಕೊಟ್ಟವರು ಹಿಂದಿರುಗಲಾರದಂಥದ್ದನ್ನು ಕೊಟ್ಟರು. ಐಟಿಐ ಕಲಿತ ಹುಡುಗನ ಕೈಯಲ್ಲಿರುವ ಕೆಲಸ ಆ ಕಾರ್ಖಾನೆ ಬರದಿದ್ದರೂ ಇನ್ನೊಂದು ಕಡೆ ನಡೆಯುತ್ತಿತ್ತು. ಇನ್ನೂ ಬಾರದ ಬದಲಾವಣೆಗಾಗಿ ಕಲಿಯಿರಿ, ತಯಾರಾಗಿ, ಸಾಲುಗಟ್ಟಿ ನಿಲ್ಲಿ. ಮಾರಬೇಡಿ.

9. ದರ ನಿಮ್ಮ ಕೈಲಿಲ್ಲ, ಗೂಡು ಇದೆ

2011ರ ಕೇಂದ್ರ ಬಜೆಟ್ಟಿನಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು. ದಿಲ್ಲಿಯಲ್ಲಿ ಓದಿದ ಒಂದು ಸಾಲು, ರಾಮನಗರದಿಂದ ಹಿಂದೂಪುರದವರೆಗೆ ಗೂಡಿನ ದರ ಕುಸಿಯಿತು. ರೈತರು ಬೀದಿಗಿಳಿದರು. 2013ರ ಬಜೆಟ್ಟಿನಲ್ಲಿ ಸುಂಕ ಶೇ. 15ಕ್ಕೆ ಏರಿತು. ನಡುವಿನ ಎರಡು ವರ್ಷದಲ್ಲಿ ಹಲವರು ತೋಟ ಕಿತ್ತರು. ಅವರನ್ನು ದೂರುವ ಹಕ್ಕು ನನಗಿಲ್ಲ. ಸಾಲ ಇದ್ದವನಿಗೆ ಎರಡು ವರ್ಷ ಸಣ್ಣ ಅವಧಿಯಲ್ಲ. ಬದಲಾವಣೆಯಿಂದ ಎಲ್ಲರೂ ಬೆಳೆಯುತ್ತಾರೆ ಎಂಬ ಮಾತು ಸುಳ್ಳು. ಕೆಲವರು ಅದರಡಿ ಸಿಕ್ಕಿ ನುಚ್ಚಾಗುತ್ತಾರೆ, ಅವರಿಗೆ ಬೇಕಾಗುವುದು ಸೂತ್ರವಲ್ಲ, ಸಹಾಯ.

ನಿಂತುಕೊಳ್ಳಲು ಶಕ್ತಿಯಿದ್ದವರು ಮಾಡಿದ್ದು ಇಷ್ಟು: ಹಳದಿ ಗೂಡಿನ ಮಿಶ್ರತಳಿ ಬಿಟ್ಟು ದ್ವಿತಳಿಗೆ ಹೋದರು, ಏಕೆಂದರೆ ದರ ಬಿದ್ದಾಗಲೂ ಒಳ್ಳೆಯ ಗೂಡಿಗೆ ಮೊದಲು ಕೈ ಹಾಕುವವರು ಇರುತ್ತಾರೆ.

ವೇದಿಕೆಯ ಮಾತುಗಾರರಿಗೆ ಪ್ರಿಯವಾದ ಇನ್ನೊಂದು ಕತೆಯನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಹುಳ ಗೂಡಿನಲ್ಲಿ ತಪಸ್ಸು ಮಾಡಿ ಚಿಟ್ಟೆಯಾಗಿ ಹಾರುತ್ತದೆ ಎಂಬುದು. ನಮ್ಮ ಕಡೆ ಹುಳ ಗೂಡು ತೂತು ಮಾಡಿ ಹೊರಬಂದರೆ ಅದು ನಷ್ಟ. ಎಳೆ ತುಂಡಾಯಿತು, ರೀಲರು ಮುಟ್ಟುವುದಿಲ್ಲ. ಬಿತ್ತನೆಗೆ ಬಿಟ್ಟವು ಮಾತ್ರ ಪತಂಗವಾಗುತ್ತವೆ, ಅವಕ್ಕೂ ಹಾರಲು ಬರುವುದಿಲ್ಲ. ಉಳಿದವು ಬಿಸಿಗಾಳಿಯಲ್ಲಿ ಮುಗಿಯುತ್ತವೆ. ಆದ್ದರಿಂದ ಈ ಬರಹದಲ್ಲಿ ಹುಳವನ್ನು ನಾಲ್ಕನೇ ಜ್ವರದವರೆಗೆ ಮಾತ್ರ ಗುರು ಎಂದುಕೊಳ್ಳಿ. ಅಲ್ಲಿಂದ ಮುಂದೆ ಅದರ ಹಾದಿ ಬೇರೆ.

10. ಇನ್ನೊಂದು ಭಾಷೆ ಕಲಿಯಿರಿ, ಮೊದಲಿನದನ್ನು ಅಡ ಇಡಬೇಡಿ

ಇದಕ್ಕೆ ನಮ್ಮ ಸೀಮೆಯಲ್ಲಿ ಒಬ್ಬರಿದ್ದಾರೆ, ಅವರ ಬಗ್ಗೆ ಬರೆಯಲೆಂದೇ ಈ ಸೂತ್ರವನ್ನು ಕೊನೆಗಿಟ್ಟುಕೊಂಡೆ.

ಕಲ್ಯಾಣದುರ್ಗದ ಕಡೆ ಕಂಬದೂರು ಮಂಡಲದಲ್ಲಿ ರಾಳ್ಳಪಲ್ಲಿ ಎಂಬ ಹಳ್ಳಿ. 1893ರಲ್ಲಿ ಅಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಹುಡುಗನಾಗಿದ್ದಾಗಲೇ ಮೈಸೂರಿಗೆ ಬಂದರು. ಪರಕಾಲ ಮಠದಲ್ಲಿ ಸಂಸ್ಕೃತ ಓದಿದರು. ಸಂಸ್ಕೃತ ಪಂಡಿತರಾಗಿಯೇ ಬಾಳಬಹುದಿತ್ತು. ವಿದ್ವಾಂಸ ಕಟ್ಟಮಂಚಿ ರಾಮಲಿಂಗಾರೆಡ್ಡಿ ಅವರ ಕಣ್ಣಿಗೆ ಬಿದ್ದರು, 1912ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಂಡಿತರಾದರು. ಕನ್ನಡದ ರಾಜಧಾನಿಯಲ್ಲಿ ತೆಲುಗು ಪಾಠ! 1949ರ ತನಕ ಅದನ್ನೇ ಮಾಡಿದರು. ಅಷ್ಟರಲ್ಲಿ ಪ್ರಾಕೃತ ಕಲಿತು ಗಾಥಾಸಪ್ತಶತಿಯನ್ನು ತೆಲುಗಿಗೆ ತಂದರು. ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತರು. ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ ಬರೆದರು.

ನಿವೃತ್ತಿಯಾಯಿತು. ಐವತ್ತಾರು ದಾಟಿದ ವಯಸ್ಸು. ಆ ಕಾಲದಲ್ಲಿ ಈ ವಯಸ್ಸಿನವರು ಜಗಲಿಯ ಮೇಲೆ ಕೂರುತ್ತಿದ್ದರು. ಶರ್ಮರು ತಿರುಪತಿಗೆ ಹೋದರು. ತಿರುಮಲೆಯ ದೇವಸ್ಥಾನದಲ್ಲಿ ತಾಳ್ಳಪಾಕ ಅನ್ನಮಾಚಾರ್ಯರ ಕೀರ್ತನೆಗಳಿದ್ದ ತಾಮ್ರಪಟಗಳ ರಾಶಿಯಿತ್ತು. ಪದಗಳಿದ್ದವು, ರಾಗದ ಹೆಸರೂ ಇತ್ತು, ಹಾಡುವ ಧಾಟಿ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಆ ಪಟಗಳನ್ನು ಓದಿ, ಪಾಠ ತಿದ್ದಿ, ಹಲವು ಕೀರ್ತನೆಗಳಿಗೆ ರಾಗ ಕೂಡಿಸಿ ಸ್ವರ ಹಾಕಿದರು. ಈ ಕೆಲಸಕ್ಕೆ ತೆಲುಗು ಬೇಕು, ಸಂಸ್ಕೃತ ಬೇಕು, ಸಂಗೀತ ಬೇಕು. ಒಂದು ಇದ್ದವರು ಬೇಕಾದಷ್ಟು ಮಂದಿ, ಮೂರೂ ಇದ್ದವರು ಬಹಳ ಕಡಿಮೆ. ನಲವತ್ತು ವರ್ಷ ಸಂಬಂಧವಿಲ್ಲದಂತೆ ಕಲಿತದ್ದೆಲ್ಲ ಐವತ್ತಾರರ ಮೇಲೆ ಒಂದೇ ಕಡೆ ಕೂಡಿತು. 1974ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಆಗ ಅವರಿಗೆ ಎಂಬತ್ತೊಂದು.

ಗಡಿಯವರಿಗೆ ಎರಡು ಭಾಷೆ ಹುಟ್ಟಿನಿಂದಲೇ ಬರುತ್ತದೆ. ಮನೆಯಲ್ಲೊಂದು, ಸಂತೆಯಲ್ಲೊಂದು. ಬಹಳ ಮಂದಿ ಅದನ್ನು ಕೊರತೆ ಎಂದುಕೊಂಡು ಒಂದನ್ನು ಬಚ್ಚಿಡುತ್ತಾರೆ. ಬೆಂಗಳೂರಿಗೆ ಹೋದರೆ ತೆಲುಗು ಮುಚ್ಚಿಡುತ್ತಾರೆ, ಅನಂತಪುರಕ್ಕೆ ಹೋದರೆ ಕನ್ನಡ. ಹಿಂದೂಪುರ, ಮಡಕಶಿರಾ, ರಾಯದುರ್ಗದ ಕನ್ನಡ ಶಾಲೆಗಳ ಮಕ್ಕಳಿಗೆ ನಾನು ಹೇಳುವುದು ಇದೇ: ಹೊಸ ಭಾಷೆಯನ್ನು ಪೊರೆ ಬಿಡುವ ಹಾಗೆ ಕಲಿಯಬೇಡಿ. ಹೊಸ ಭಾಷೆ ರೆಂಬೆಯ ಹಾಗೆ, ಹಳೇ ರೆಂಬೆಯ ಮೇಲೆ ಹಾಸಿದರೆ ಹುಳ ತಾನೇ ಮೇಲಕ್ಕೆ ಹತ್ತುತ್ತದೆ.

ಇಷ್ಟೇ. ಹತ್ತಕ್ಕೆ ನಿಲ್ಲಿಸಿದ್ದೇನೆ. ಹನ್ನೊಂದನೆಯದು ಹೆಸರುಗಳ ಬಗ್ಗೆ ಇತ್ತು, ಅದು ಸೂತ್ರವೋ ಹರಟೆಯೋ ನನಗೇ ಅನುಮಾನ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು ದೇಶದಲ್ಲೆಲ್ಲ ಮುಚ್ಚಿದವು. ಆದರೂ ಬಸ್ಸಿನ ಕಂಡಕ್ಟರ್ ಇವತ್ತಿಗೂ ಕೂಗುವುದು “ಕೊಡಿಕೊಂಡ ಚೆಕ್‌ಪೋಸ್ಟ್!” ಎಂದೇ. ಹೆಸರಿಗೆ ಬದಲಾಗಲು ಅವಸರವಿಲ್ಲ, ಇರಲಿ ಬಿಡಿ.

ಲೇಪಾಕ್ಷಿಯ ನೇತಾಡುವ ಕಂಬ ನೋಡಲು ಬರುವವರು ಅದೇ ಚೆಕ್‌ಪೋಸ್ಟಿನಲ್ಲಿ ತಿರುಗುತ್ತೀರಿ. ದಾರಿಯಲ್ಲಿ ಚಿಲಮತ್ತೂರು ಸಿಗುತ್ತದೆ. ಹಿಪ್ಪುನೇರಳೆ ತೋಟದ ಪಕ್ಕ ಬಲೆ ಕಟ್ಟಿದ ಉದ್ದನೆಯ ಮನೆ ಕಂಡರೆ ಗಾಡಿ ನಿಲ್ಲಿಸಿ ಕೇಳಿ, ಸಾಮಾನ್ಯವಾಗಿ ಒಳಗೆ ಬಿಡುತ್ತಾರೆ. ಚಪ್ಪಲಿ ಹೊರಗೆ ಬಿಡಿ, ಕೈ ತೊಳೆದುಕೊಳ್ಳಿ, ಅತ್ತರು ಹಚ್ಚಿಕೊಂಡಿದ್ದರೆ ಬಾಗಿಲಲ್ಲೇ ನಿಂತು ನೋಡಿ. ಹುಳ ಜ್ವರಕ್ಕೆ ಕೂತಿವೆ ಎಂದರೆ ಒತ್ತಾಯ ಮಾಡಬೇಡಿ, ನಾಳೆ ಬನ್ನಿ.